ಏಳು ನಿಮಿಷ ನಲವತ್ತು ಸೆಕೆಂಡು

ಸೂಪರ್ ಮಾರ್ಕೆಟ್ಟಿನ ಖಾಜಾ ಮಿಯಾ,
ಪಿಚ್ಚರು ಮುಗಿದ ಮ್ಯಾಲ ಟೇಪು ಉಳಿದರ
ಖಾಲಿ ಎದಕ ಬಿಡಬೇಕಂತ
ಒಂದು ಕಾರ್ಟೂನು ತುಂಬಿ ಕೊಡತಿದ್ದ,
ಜ್ವಾಳ ಅಳದ ಮ್ಯಾಲ ಕೊಸರು ಹಾಕಿದಂಗ.

ನಾ ಕೊಸರಿನ ಗಿರಾಕಿ.
ಹತ್ತು ರೂಪಾಯಿ ಬಾಡಗಿ ಕೊಟ್ಟು
ಮೂರು ತಾಸಿನ ಪಿಚ್ಚರು ಸರ್ರನ ಓಡಸತಿದ್ದೆ.
ಕುಣಿಯೋದು, ಅಳೋದು, ಕೋರ್ಟು, ಬಾಂಬು
ಇರಿವಿ ಸಾಲಿನಂಗ ಹೋಗತಿದ್ವು.
ಹೀರೋಯಿನ್ನು ಯಾರ ಮಗಳು,
ನನಗ ಇವತ್ತಿಗೂ ಗೊತ್ತಿಲ್ಲ.
ಕಡೀಕ ಆ ಏಳು ನಿಮಿಷ:
ಬೆಕ್ಕು ರೊಟ್ಟಿ ಹಂಗ ಚಪ್ಪಟಿ ಆಗಿ
ಮೈ ಕೊಡವಿಕೊಂಡು ಎದ್ದು ನಿಲ್ಲತಿತ್ತು.
ಅಷ್ಟು ಸಾಕಿತ್ತು ನನಗ.

ನಾ ದಾಲ್ ಮಿಲ್ಲಿನ ಗುಮಾಸ್ತ.
ಮಿಲ್ಲಿನ ಹಳೇ ಖಾತೆ ಪುಸ್ತಕದಾಗ ಬರದಿಟ್ಟೀನಿ:
ಆವಕ ಅನ್ನೋ ಕಡೆ ಊರು,
ತೂಕ ಅನ್ನೋ ಕಡೆ ನಿಮಿಷ,
ತೇವಾಂಶ ಅನ್ನೋ ಕಡೆ ಬೂಜು ಎಷ್ಟು ಹತ್ಯಾದ ಅಂತ.
ಸೊಲ್ಲಾಪುರದ್ದು ಒಂದು, ತಲಿ ಇಲ್ಲ,
ಹೆಸರು ಬರೋ ಮೊದಲ ಹೊಡದಾಟ ಶುರು.
ಕೋಠಿ ಫುಟ್‌ಪಾತಿನ ಮೂರರಾಗ
ಎರಡು ಒಂದೇ.

ಮೇ ತಿಂಗಳ ಬಿಸಲು.
ಮನಷ್ಯಾರು ಹಂಗೋ ಹಿಂಗೋ ತಡಕೋತಾರ,
ಟೇಪು ತಡಕೋಳಂಗಿಲ್ಲ.
ಶಹಾಬಾದಿ ಫರ್ಸಿ ಮ್ಯಾಲ ಸಾಲಾಗಿ ಮಲಗಿಸಿ
ಒಣ ಧೋತರ ಹೊಚ್ಚಿ
ಸುತ್ತ ನೀರು ಚಿಮುಕಸತಿದ್ದೆ.
'ಬಾಣಂತನ ಮಾಡಾಕತ್ತೀಯೇನೋ?' ಅಂತಿದ್ಲು ಅವ್ವ.

ಅರವತ್ತೊಂದನೇ ನಂಬರು ಆಡಿಂದು.
ಬೆಟ್ಟದ ತುದೀಗ ಒಂದು ಆಡು,
ಎಲ್ಲಾ ತಿಂದು ಮುಗಿಸಿ, ಇನ್ನೇನೂ ಇಲ್ಲ ಅಂತ
ಚಂದ್ರಾಮಗ ಬಾಯಿ ಹಾಕತದ.
ಎರಡು ದಿನಕ್ಕ ಅಂತ ತಂದಿದ್ದೆ.
ಖಾಲಿ ಕ್ಯಾಸೆಟ್ಟಿಗೆ ಎಂಬತ್ತು ರೂಪಾಯಿ.
ಕಪಾಟಿನ್ಯಾಗ ಒಂದು ಕ್ಯಾಸೆಟ್ಟು ಸುಮ್ಮಕ ಕುಂತಿತ್ತು.
ಚೀಟಿ ಇರಲಿಲ್ಲ ಅಂತ ಎಲ್ಲಾರಿಗೂ ಹೇಳೀನಿ.
ಖರೇ ಅಂದ್ರ, ಚೀಟಿ ಇತ್ತು.
ನಮ್ಮ ಜಗದೇವಿ ಅಕ್ಕನ ಮದವಿ.

ನಡಬರಕ ಕರೆಂಟು ಹೋತು.
ಬಂದ ಮ್ಯಾಲ ಗಡಿಬಿಡಿಯೊಳಗ
ಟೇಪು ನಾಕು ಸುತ್ತು ಮುಂದ ಹೋಗಿತ್ತು, ನಾ ನೋಡಲಿಲ್ಲ.
ಅದಕ್ಕ ನನ್ನ ಆಡು
ಬಾಯಿ ತೆರದ ಕೂಡಲೆ
ಗೆರಿ ಗೆರಿ, ಮಂಜು ಮಂಜು,
ಆಮ್ಯಾಲ ಅವ್ವ.
ಬೀಗರ ಎಲಿಗೆ ಹುಗ್ಗಿ ಬಡಸತಿರತಾಳ.
ಕ್ಯಾಮರಾ ಕಂಡು ಸೆರಗು ಬಾಯಿಗೆ ಇಟ್ಟು
'ಏ ಹೋಗೋ' ಅಂತಾಳ,
ಸೌಟು ಎತ್ತಿ ಹೆದರಸತಾಳ.
ಮತ್ತ ಗೆರಿ ಗೆರಿ.
ಆಡಿನ ಹೊಟ್ಟ್ಯಾಗ ಚಂದ್ರಾಮ.

ಅಕ್ಕ ನಾಕು ವರ್ಷ ಮಾತಾಡಲಿಲ್ಲ.
ಪಂಚಮಿಗೆ ಬಂದ್ರೂ ಅವ್ವನ ಸಂಗಟ ಕುಂತು ಎದ್ದು ಹೋಗತಿದ್ಲು.
ಅವ್ವಗ ಮಾತ್ರ ಸಿಟ್ಟಿರಲಿಲ್ಲ.
ಅಡಗಿಮನ್ಯಾಗಿಂದ ಕೂಗತಿದ್ಲು,
'ನಂದು ಬಂದಾಗ ಹೇಳು.'
ನೋಡಿ, 'ಆ ಸೀರಿ ನಂದಲ್ಲ, ನಿಮ್ಮತ್ತಿದು' ಅಂದು
ಒಲಿಗೆ ವಾಪಸ್ಸು.
ಪ್ರತಿ ಸಲ.

ಹ್ವಾದ ವರ್ಷ ಹೈದರಾಬಾದದಿಂದ ಡಿಸ್ಕು ತರಿಸಿದೆ.
ಗೀರಿಲ್ಲ, ಬೂಜಿಲ್ಲ,
ತೊಳದ ತಾಟಿನಂಥ ಚಂದ್ರಾಮ, ಪೂರ್ತಿ ಏಳು ನಿಮಿಷ.
ಅಕ್ಕನ ಮಗ ಚೆನ್ನು ಪೂರಾ ನೋಡಿ
ಮಾರಿ ಸಣ್ಣ ಮಾಡಿ ಅಂದ:
'ಮಾಮಾ, ಅಜ್ಜಿಗಿ ಕಟ್ ಮಾಡ್ಯಾರ.'

ಬಾಗಲದಾಗ ಅಕ್ಕ ನಿಂತಿದ್ಲು.
'ಹಳೇದು ಹಾಕು,' ಅಂದ್ಲು,
ನನಗೋ, ಚೆನ್ನುಗೋ, ತಿಳೀಲಿಲ್ಲ.
ಹಾಕಿದೆ. ಹೆಡ್ಡು ಸವದದ, ಚಿತ್ರ ನಡಗತದ.
ಅವ್ವ ಸೌಟು ಎತ್ತಿದಾಗ
'ನಿಲ್ಲಸು.'
ಪರದೆದ ಎಡಕ್ಕ, ಅಂಚಿನ್ಯಾಗ,
ಹಸರ ಬಳಿ ತುಂಬಿದ ಒಂದು ಮೊಳಕೈ.
ಇಷ್ಟು ವರ್ಷ ನಾ ಯಾರದಂತ ಕೇಳಿರಲಿಲ್ಲ.

ಅಕ್ಕ ತನ್ನ ಕೈ ಒಮ್ಮೆ ನೋಡಿಕೊಂಡ್ಲು.
'ಮುಂದ ಬಿಡು,' ಅಂದ್ಲು,
'ಆ ಆಡಿಗೆ ಏನಾತು ನೋಡೋಣ.'