ಸದರಿ ನಾನು

ನಾನು, ಬಂಡೆಪ್ಪ ತಂದೆ ಭೀಮಶ್ಯಾ, ವಯ ಐವತ್ತೆರಡು,
ಸಾಕೀನ ಮುದ್ನಾಳ, ಪ್ರಮಾಣ ಮಾಡಿ ಹೇಳುವುದೇನೆಂದರೆ
ಸದರಿ ಗೋಡೆಯನ್ನು ನಾನು ಕೆಡವಿರುವುದಿಲ್ಲ.

ನಾನು, ಹಣಮವ್ವ ಗಂಡ ಸಾಬಣ್ಣ, ವಯ ನಲವತ್ತು,
ಅದೇ ಊರು, ಅದೇ ಓಣಿ,
ಸದರಿ ಗೋಡೆಯನ್ನು ಅವನು ಕೆಡವಿದ್ದನ್ನು
ಕಣ್ಣಾರೆ ಕಂಡಿರುತ್ತೇನೆ.

ಎರಡೂ ನಾನೇ ಬರೆದದ್ದು.
ಒಂದು ಚಾಕ್ಕಿಂತ ಮದಲ, ಒಂದು ಚಾ ಕುಡಿದ ಮ್ಯಾಲ,
ಯಾದಗಿರಿ ಕೋರ್ಟಿನ ಹೊರಗ, ಬೇವಿನ ಬುಡಕ,
ಶಹಾಬಾದ್ ಪರಸಿ ಮ್ಯಾಲಿಟ್ಟ ಹಳೇ ಮಿಶನ್ನಿನಾಗ.

ಇಪ್ಪತ್ತೆರಡು ವರ್ಷ ಆತು. ದಿನಕ್ಕ ಹತ್ತು ಮಂದಿ ಆಗ್ತೀನಿ.
ಆಡು ಕಳಕೊಂಡಾಂವ, ಆಡು ಕದ್ದಾಂವ,
ಗಂಡನ್ನ ಬಿಟ್ಟಾಕಿ, ಬಿಟ್ಟಾಕಿಯ ಗಂಡ.
ಅವರು ಹೇಳೂದು ಹಿಂಗ: ಏನ್ ಹೇಳ್ಲಿ ಯವ್ವಾ,
ಕತ್ತಲಿತ್ತು, ನಾಯಿ ಒದರ್ತಿತ್ತು, ಎದಿ ಹೊಡಕೊಂತು.
ನಾ ಬರಿಯೂದು ಹಿಂಗ:
ಸದರಿ ರಾತ್ರಿ ಸುಮಾರು ಒಂಬತ್ತು ಗಂಟೆಗೆ.
ನಾಯಿ ಕಾರ್ಬನ್ ಹಾಳಿ ಹಿಂದ ಉಳೀತದ.

ಮಗಳು ಕಾಲೇಜಿನಾಗ ಕಥಿ ಓದ್ತಾಳ.
ಯವ್ವಾ, ಯಾರು ಹೇಳ್ಲಿಕತ್ತಾರ ಅನ್ನೂದು ಮದಲ ನೋಡಬೇಕಂತ.
ನಾನು ನಾನು ಅನ್ನಾವನ್ನ ಪೂರಾ ನಂಬಬಾರದಂತ.
ಅವನು, ಅವಳು ಅಂತ ಹೇಳಾಂವ
ಮಾಳಿಗಿ ಮ್ಯಾಲ ಕುಂತಿರ್ತಾನಂತ,
ಎಲ್ಲಾರ ಅಂಗಳ ಕಾಣ್ತದಂತ ಅವಂಗ, ಎಲ್ಲಾರ ಎದಿನೂ.
ನಕ್ಕೆ. ಮಾಳಿಗಿ ಮ್ಯಾಲಿನಾವಂಗ
ಸಮನ್ಸ್ ಹೋಗಂಗಿಲ್ಲವ್ವಾ, ಅಂದೆ.

ಆದರ ಆ ಗೋಡಿ ಕೇಸಿನಾಗ ಮಾಳಿಗಿ ಮ್ಯಾಲ ಒಬ್ಬಾಕಿ ಇದ್ದಳು.
ಖಾಜಾಬಿ. ಮೆಣಸಿನಕಾಯಿ ಹರವಲಿಕ್ಕ ಹತ್ತಿದ್ದಳು.
ಧೂಳು ಕಂಡೆ, ಕೈ ಕಾಣಲಿಲ್ಲ, ಅಂದಳು.
ವಕೀಲರು ಪೆನ್ನಿನ ಟೋಪಿ ಹಾಕಿದರು: ಇದು ಕೆಲಸಕ್ಕ ಬರಂಗಿಲ್ಲ.
ಹೊಡೀಲಿಲ್ಲ ನಾನೂ.
ಇಪ್ಪತ್ತೆರಡು ವರ್ಷದಾಗ ಅಷ್ಟು ಖರೆ ಮಾತು
ಮತ್ತೊಂದು ಕೇಳಿಲ್ಲ.

ಹೋದ ಬುಧವಾರ ನಮ್ಮಣ್ಣ ಬಂದ.
ಗಿರಾಕಿ ಹಂಗ ನಿಂತ. ಕುಂಡ್ರಲಿಲ್ಲ.
ಹೊಲದ್ದೊಂದು ಕಾಗದ ಬೇಕಾಗ್ಯಾದ, ಅಂದ,
ನಮೂನಿ ನಿನಗ ಬಾಯಿಪಾಠ.

ಹೌದು, ಬಾಯಿಪಾಠ.
ಎಷ್ಟು ಹೆಣ್ಣುಮಕ್ಕಳ ಬಾಯಾಗ ಹಾಕೀನಿ ಅದನ್ನ:
ನಾನು, ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ,
ನನ್ನ ಪಾಲಿನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ.
ಹೆಬ್ಬಟ್ಟಿನ ಶಾಯಿ ಸೆರಗಿಗಿ ವರಸಿಕೊಂಡು ಹೋಗ್ತಿದ್ದರು.
ಕೆಲವರು ನಿಂತು, ಏನಂತ ಬರದೀರಿ ಅಕ್ಕಾ, ಅಂತಿದ್ದರು.
ನೀವಂದದ್ದೇ, ಅಂತಿದ್ದೆ.
ಮುಂದಿನ 'ನಾನು'ಗ ಹಾಳಿ ಏರಸ್ತಿದ್ದೆ.

ಮೂರು ಹಾಳಿ, ಎರಡು ಕಾರ್ಬನ್.
ನಾನು, ಅಂತ ಹೊಡದೆ.
ನೀಲಗಂಗಮ್ಮ ತಂದೆ ಚನ್ನಬಸ್ಸಪ್ಪ.
ಎಷ್ಟು ವರ್ಷದ ಮ್ಯಾಲ ಹೆಸರಿನ ಬಾಜೂಕ ತಂದೆ!
ಯಾರ ಒತ್ತಾಯವೂ ಇಲ್ಲದೆ, ತನಕ ಬೆರಳು ತಾವೇ ಓಡಿದವು.
'ಸ್ವ' ಬಂತು.
ಖುಷಿ ಬರಲಿಲ್ಲ.

ಹಾಳಿ ಎಳದೆ. ಬ್ಯಾರೆ ಹಾಕಿದೆ:

ಬೇವಿನ ಬುಡಕ ಒಬ್ಬಾಕಿ ಕುಂತಾಳ.
ಅಕಿ ಅಣ್ಣ ನಿಂತಾನ.
ಬಿಸಿಲು ಅವನ ಬೆನ್ನಿಗದ, ಅಕಿ ಕಣ್ಣಿಗದ.
ಅಕಿ ಇನ್ನೂ ಏನೂ ಹೇಳಿಲ್ಲ.

ಬಗ್ಗಿ ಓದಿದ. ಏನಿದು? ಯಾರಿಕಿ?
ಇದು ಆಫೀಸಿನಾಗ ನಡಿಯಂಗಿಲ್ಲ.
ಗೊತ್ತದ, ಅಂದೆ. ನೆಳ್ಳಿಗಿ ಬಾ, ಕುಂಡ್ರು,
ಚಾ ಹೇಳ್ತೀನಿ.
ಇನ್ನ ನಾಯಿ ಬರೂದದ ಇದರಾಗ.