ಬಣ್ಣ ಏರದ ನೀರು

ಲೊರೇನ್ ಊರು ಕುಡಿಯುವುದು ಈರಿ ಸರೋವರದ ನೀರು.
ಅದಕ್ಕೆ ಕ್ಲೋರಿನ್ ಬೆರೆಸುವ ಕೈ,
ವಾರಕ್ಕೆ ನಾಲ್ಕು ರಾತ್ರಿ, ಆರ್ಡಿತ್ ಕೊವಾಚಳದು.
ಬೆಳಗ್ಗೆ ಏಳಕ್ಕೆ ಬಂದವಳು ಬೂಟು ಕೂಡ ಬಿಚ್ಚದೆ
ನೆಲಮಾಳಿಗೆಗೆ ಇಳಿದು
ಬೆರೆಸಿದ್ದನ್ನು ತೆಗೆಯುತ್ತಾಳೆ.

ಬರಿಯ ಕ್ಲೋರಿನ್ ಆಗಿದ್ದರೆ
ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟರೆ ತಾನೇ ಎದ್ದು ಹೋಗುತ್ತಿತ್ತು,
ಮಾತಾಡಿಸದ ನೆಂಟನ ಹಾಗೆ.
ಇದು ಅಮೋನಿಯದ ಕೈ ಹಿಡಿದು ಬಂದದ್ದು, ಸಂಸಾರಸ್ಥ.
ಏಳು ಎಂದರೆ ಏಳದು.
ಇದ್ದಿಲಿನ ಎರಡು ಡಬ್ಬಿ ದಾಟಿಸಬೇಕು, ಮೆಲ್ಲಗೆ,
ಗಂಟೆಗೆ ಎರಡೇ ಲೀಟರು,
ತೋಟಕ್ಕೆಂದು ಮಾರುವ ಹನಿಮೂತಿಯಿಂದ.
ಟಪ್. ಟಪ್.
ಹನಿಗೂಡಿ ಹಳ್ಳ ಎಂಬ ಮಾತು ಇಲ್ಲಿ ನಡೆಯದು:
ಬಂದಷ್ಟೇ ನೀರು ಮೂಲೆಯ ಕೊಳವೆಯಿಂದ ಚರಂಡಿಗೆ.
ನಿಂತಂತೆ ಕಾಣುವ ನೀರು ನಿಂತಿಲ್ಲ ಎಂಬುದು
ಅವಳಿಗೂ ಮೀನಿಗೂ ಗೊತ್ತು.

ಫೆಬ್ರವರಿಯ ಆ ರಾತ್ರಿ ಹೆಪ್ಪುಗಟ್ಟಿದ ನೆಲ ಬಿರಿದು
ಇಪ್ಪತ್ತೆಂಟನೆಯ ಬೀದಿಯ ದೊಡ್ಡ ಪೈಪು ಒಡೆಯಿತು.
ಫೋನು. ಮೇಲಿನವರ ಆಜ್ಞೆ: ಪ್ರಮಾಣ ಏರಿಸು.
ತಿರುಪಿಗೆ ಕೈಯಿಟ್ಟವಳು ಒಂದು ಗಳಿಗೆ ಹಾಗೇ ನಿಂತಳು.
ಮನೆಯಲ್ಲಿ ಮೊದಲ ಡಬ್ಬಿಯ ಇದ್ದಿಲು ದಣಿದಿದೆ.
ಹೊಸತು ತರಬೇಕೆಂದು ಕ್ಯಾಲೆಂಡರಿನಲ್ಲಿ ಬರೆದು ಎರಡು ವಾರ.
ತೊಟ್ಟಿಯಲ್ಲಿ ಡಿಸ್ಕಸ್ ಜೋಡಿ,
ಮಣ್ಣಿನ ಕೂಜೆಯ ಹೊಟ್ಟೆಗೆ ಇನ್ನೂರು ಮೊಟ್ಟೆ ಅಂಟಿಸಿ
ಸರದಿಯಲ್ಲಿ ರೆಕ್ಕೆ ಬೀಸುತ್ತಿವೆ. ಅವಕ್ಕೂ ರಾತ್ರಿ ಪಾಳಿ.

ಊರಲ್ಲಿ ಅರವತ್ತು ಸಾವಿರ ಜನ.
ತಿರುಗಿಸಿದಳು.

ಆಮೇಲೆ ಮಹಡಿಯ ಮನೆಯ ಯದಿಯೆಲ್‌ನನ್ನು ಎಬ್ಬಿಸಿದಳು,
ಹದಿಮೂರರ ಹುಡುಗ, ನಿದ್ದೆಗಣ್ಣಲ್ಲೇ ಕೆಳಗಿಳಿದ:
"ಯಾವುದು? ಕೆಂಪು ಹಿಡಿಯದ್ದಾ?"
"ನೀಲಿಯದು. ಪೈಪಿಗೆ ಅಡ್ಡ ಬರುವ ಹಾಗೆ ತಿರುಗಿಸು.
ಟಪ್ ನಿಂತಿತಾ, ಕೇಳಿ ಹೇಳು."
ಹುಡುಗ ಫೋನನ್ನೇ ನೀರಿನ ಮೇಲೆ ಹಿಡಿದ.
ಟಪ್.
ಆಮೇಲೆ ಬಹಳ ಹೊತ್ತು
ಪಂಪಿನ ಗುಂಯ್ ಮಾತ್ರ.

ಬೆಳಗ್ಗೆ ಅಂಗಡಿ ತೆರೆಯುವುದನ್ನೇ ಕಾದು ತಂದಳು.
ಎರಡನೆಯ ಡಬ್ಬಿಯನ್ನು ಮೊದಲನೆಯದರ ಜಾಗಕ್ಕೆ ಸರಿಸಿ,
ಹೊಸತನ್ನು ಹಿಂದೆ ಸಿಕ್ಕಿಸಿ, ಮಸಿಗೈಯಲ್ಲೇ
ಗಾಜಿನ ಪುಟ್ಟ ನಳಿಕೆಗಳಿಗೆ ಪುಡಿ ಉದುರಿಸಿದಳು.
ನಲ್ಲಿಯದು: ಕಡು ಗುಲಾಬಿ.
ಮೊದಲ ಡಬ್ಬಿ ದಾಟಿದ್ದು: ಮಗುವಿನ ಉಗುರಿನ ಬಣ್ಣ.
ಎರಡನೆಯದು ದಾಟಿದ್ದು: ಏನಿಲ್ಲ.
ಕಿಟಕಿಯ ಹಿಮದ ಬೆಳಕಿಗೆ ಹಿಡಿದಳು. ಏನಿಲ್ಲ.
ಏನೂ ಇಲ್ಲದ್ದನ್ನು ಯಾರಾದರೂ ಇಷ್ಟು ಹೊತ್ತು ನೋಡಿದ್ದು
ಯದಿಯೆಲ್ ಕಂಡಿರಲಿಲ್ಲ.

ನೀಲಿ ಹಿಡಿ ತೆರೆದಳು. ಟಪ್.
ಮೊಟ್ಟೆಗಳಲ್ಲಿ ಅರ್ಧ ಬಿಳಿಚಿದ್ದವು, ನೀರಿನಿಂದಲೋ ಹಾಗೆಯೋ.
ಉಳಿದವುಗಳೊಳಗೆ ಕಣ್ಣು,
ಸಾಸಿವೆಗಿಂತ ಸಣ್ಣವು.

ಅಡುಗೆಮನೆಗೆ ಹತ್ತಿ, ಹುಡುಗನಿಗೊಂದು ತನಗೊಂದು ಲೋಟ
ನೇರ ನಲ್ಲಿಯಿಂದ ಹಿಡಿದಳು.
"ಈಜುಕೊಳದ ವಾಸನೆ" ಎಂದು ಅವನು ಮುಖ ಸಿಂಡರಿಸಿದ.
"ಹೌದು, ನನ್ನದೇ" ಎಂದು
ಗಟಗಟ ಕುಡಿದಳು.