ಜವಾರಿ

ಕಾಗವಾಡದ ಸಂತೆಯಲ್ಲಿ ಜವಾರಿ ಅಂದರೆ
ಕೋಳಿ, ಬದನೆ, ಬೆಳ್ಳುಳ್ಳಿ.
ಗಡಿ ದಾಟಿ ಮಿರಜಿಗೆ ಬಂದರೆ
ಜೈತುನಬಿಯ ಓಣಿಯಲ್ಲಿ ಅದು
ತಂತಿಗೂ ಎಲುಬಿಗೂ ನಡುವಿನ ವ್ಯವಹಾರ.

ಅಟ್ಟದ ತುಂಬ ಬುರುಡೆಗಳು, ಬೋರಲು.
ನಾನು ಫಿಜಿಕ್ಸ್ ಕಲಿಸುವವಳು. ತಂದದ್ದು
ಲ್ಯಾಪ್‌ಟಾಪು, ಎರಡು ಮೈಕು, ತುಸು ಸೊಕ್ಕು.
ತಂತಿಯನ್ನು ಸರಿ ನಡುವೆ ಮೀಟಿದರೆ
ಎರಡನೆಯ ಉಪಸ್ವರ ಹುಟ್ಟಲೇಬಾರದು ಎಂದು
ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ.
ಆಕೆ ಸರಿ ನಡುವೆ ಮೀಟಿದಳು.
ಪರದೆಯ ಮೇಲೆ ಅದು ಎದ್ದು ನಿಂತಿತು,
ಕರೆಯದ ಮದುವೆಗೆ ಬಂದ ಸೋದರಮಾವನ ಹಾಗೆ.

"ಕುದುರಿ ಸಪಾಟ ಇರಬಾರದ್ರಿ ಬಾಯಾರ,
ಬೆನ್ನ ತುಸು ಡೊಂಕಿರಬೇಕು.
ತಂತಿ ಒಮ್ಮಿ ಹಿಡಿತೈತಿ, ಒಮ್ಮಿ ಬಿಡತೈತಿ."
ಇಷ್ಟು ಹೇಳಲು ನನಗೆ ಆರು ಪುಟ ಸಮೀಕರಣ ಹಿಡಿದಿತ್ತು.

ಆಮೇಲೆ ನನ್ನ ಸರದಿ.
ನಾನೂರ ನಲವತ್ತೊಂದು ಮನೆಗಳ ಓಣಿ ಕಟ್ಟಿದೆ,
ಮನೆಗೊಂದು ಅಂಕಿ, ಬಾಯಿಗೆ ಬಂದದ್ದು.
ಅಳ್ಳು ಸಿಡಿದಂತೆ ಬರೀ ಗದ್ದಲ.
ಕಾಯಿದೆ ಒಂದೇ: ಸುತ್ತು ಸುತ್ತಿಗೂ
ನೀನು, ನಿನ್ನ ಪಕ್ಕದ ಮನೆ,
ಇದ್ದದ್ದನ್ನು ಕೂಡಿಸಿ ಅರ್ಧ ಮಾಡಿಕೊಳ್ಳಿ.
ಸೆಕೆಂಡಿಗೆ ನೂರು ಸುತ್ತು.
ಚೂಪಾಗಿದ್ದವರು ಮೊದಲು ಸವೆಯುತ್ತಾರೆ.
ಜಗಳ ತೀರಿದ ಓಣಿಯಲ್ಲಿ ಕೊನೆಗೆ
ಒಂದು ತಂತಿ ಉಳಿಯುತ್ತದೆ.

ಸೆರಗು ಕಿವಿಯಿಂದ ಸರಿಸಿ ಕೇಳಿದಳು.
ಇನ್ನೊಮ್ಮೆ ಹಚ್ಚರಿ ಅಂದಳು.
"ಚಲೋ ಐತಿ. ಸಾಯೂದೂ ಬರೋಬ್ಬರಿ ಸಾಯತೈತಿ.
ಆದ್ರ ದಾರ ಎಲ್ಲೈತಿ?"

ಹಿಟ್ಟಿನ ಚೀಲದ ಹೊಲಿಗೆ ಬಿಚ್ಚಿ ಎಳೆದ ಬಿಳಿ ನೂಲು.
ಎಂಜಲು ಹಚ್ಚಿ, ಹೊಸೆದು, ತಂತಿಯಡಿ ತೂರಿಸಿ
ಕೂದಲಷ್ಟು ಸರಿಸುತ್ತಾಳೆ.
ಇಲ್ಲ.
ಇಲ್ಲ.
ಇನ್ನೂ ಹಿಂದಕ್ಕೆ, ಅನ್ನುವಷ್ಟರಲ್ಲಿ
ಬುರುಡೆಯೊಳಗೆ ಜೇನು ಎದ್ದಿತು.

ಆ ಜಾಗದ ಅಳತೆ ಕೇಳಿದೆ. ಉಗುರು ತೋರಿಸಿದಳು.
ಎಷ್ಟು ಮಿಲಿಮೀಟರು?
"ನಾಳೆ ಬಿಸಲ ಬಿತ್ತಂದ್ರ ಬ್ಯಾರೆ ಕಡೆ ಹೋಗತೈತ್ರಿ ಅದು."

ಮ್ಹೈಸಾಳದ ಹತ್ತಿರ ಬಸ್ಸು ಕೆಟ್ಟು ನಿಂತಿತು.
ಕತ್ತಲಲ್ಲಿ ಲ್ಯಾಪ್‌ಟಾಪು ತೆಗೆದು
ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ,
ದಾರ ಸಮ, ಎಂದು.
ಬಲಬದಿಗೆ ಏನು ಬರೆಯಲಿ?
ಯಂತ್ರ ಕೆಂಪು ಗೆರೆ ಎಳೆದು ಕಾಯುತ್ತಿತ್ತು.
ಫೋನಿನಲ್ಲಿ ನಾಳೆಯ ಹವಾಮಾನ ನೋಡಿದೆ.
ಮಿರಜ, ಮೂವತ್ತೆಂಟು. ಮೋಡ ಇಲ್ಲ.